ಕಳೆದುಹೋದ ಬಾಂದುಕಲ್ಲು

ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಸುತ್ತಿಗೆ ಹಿಡಿದು ಬಂಡೆಯ ಮೇಲೆ ಕೂತವರನ್ನು ಜನ ಸುಮ್ಮನೆ ಬಿಡುವುದಿಲ್ಲ. ‘ಕ್ವಾರಿಯವರಾ?’ ಅಂತ ದೊಡ್ಡವರು ವಿಚಾರಿಸುತ್ತಾರೆ. ‘ನಿಧಿ ಏನಾದ್ರೂ ಐತಾ?’ ಅಂತ ಕೆಲವರು ದನಿ ತಗ್ಗಿಸಿ ಕೇಳುತ್ತಾರೆ. ಶಾಲೆ ಬಿಟ್ಟು ಬರುವ ಮಕ್ಕಳದು ಮಾತ್ರ ಒಂದೇ ಪ್ರಶ್ನೆ: ‘ಅಕ್ಕಾ, ಡೈನೋಸಾರ್ ಮೂಳೆ ಸಿಕ್ತಾ?’

ಸಿಗುವುದಿಲ್ಲ. ನಾನು ಭೂವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವುದು ಈ ಸೀಮೆಯ ನೈಸ್ ಶಿಲೆಗಳ ಮೇಲೆ. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಇದನ್ನು ‘ಪೆನಿನ್ಸುಲರ್ ನೈಸ್’ ಎಂದು ಕರೆದರು. ಲಾಲ್‌ಬಾಗಿನ ಬಂಡೆಯೂ ಇದೇ. ಅಲ್ಲಿನ ಫಲಕದ ಪ್ರಕಾರ ಅದರ ವಯಸ್ಸು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಆ ಪ್ರಾಣಿಗಳ ಕಾಲಕ್ಕೇ ಈ ಕಲ್ಲು ಮುದಿಯಾಗಿತ್ತು. ಮೇಲಾಗಿ ಇದು ನೆಲದಾಳದ ಬಿಸಿ ಮತ್ತು ಒತ್ತಡದಲ್ಲಿ ಮಡಚಿ ಬೆಂದ ಕಲ್ಲು. ಮೂಳೆ ಉಳಿಯಬೇಕಾದರೆ ಶಾಲೆಯ ಪಾಠದಲ್ಲಿ ಬರುವ ಕಣಶಿಲೆ ಬೇಕು: ನೀರು ತಂದ ಮರಳು, ಜೇಡಿ ಪದರಪದರವಾಗಿ ಕೂತು, ಸತ್ತ ಪ್ರಾಣಿಯನ್ನು ಬೇಗ ಮುಚ್ಚಿ, ಹಾಗೇ ಗಟ್ಟಿಯಾಗಬೇಕು. ನಮ್ಮ ರಾಜ್ಯದಲ್ಲಿ ಅಂಥ ಕಲ್ಲು ಇಲ್ಲವೆಂದಲ್ಲ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಮರಳುಗಲ್ಲಿನಲ್ಲೇ. ಆದರೆ ಅದು ಮೂಳೆಯಿರುವ ಪ್ರಾಣಿಗಳು ಹುಟ್ಟುವ ಮೊದಲಿನದು.

ಹಾಗಂತ ಡೈನೋಸಾರ್‌ಗಳು ದೊಡ್ಡಬಳ್ಳಾಪುರದ ನೆಲ ತುಳಿದೇ ಇಲ್ಲ ಅನ್ನಲಾಗದು. ಎತ್ತರದ ನೆಲ ಸದಾ ಸವೆಯುತ್ತದೆ, ಇದ್ದುದನ್ನು ತಗ್ಗಿಗೆ ಕಳಿಸುತ್ತದೆ. ಇಲ್ಲಿ ಸತ್ತದ್ದು ಇಲ್ಲಿ ಉಳಿಯಲಿಲ್ಲ, ಅಷ್ಟೇ.

ಕಳೆದ ವರ್ಷದ ಹಿಂದಿನ ಜನವರಿಯಲ್ಲಿ ಇದನ್ನೆಲ್ಲ ನಾಲ್ಕು ಮಕ್ಕಳಿಗೆ ಹೇಳುತ್ತ ಒಂದು ಬಂಡೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ತಾತ ಒಕ್ಕಿದ ರಾಗಿಯನ್ನು ಹರವುತ್ತಿದ್ದರು. ಊರಿಗೆಲ್ಲ ಆ ಬಂಡೆಯೇ ಕಣ. ಮಕ್ಕಳ ಮುಖ ಸಪ್ಪಗಾದದ್ದು ನೋಡಿ, ನಮಗೆ ಹತ್ತಿರದ ದೊಡ್ಡ ಡೈನೋಸಾರ್ ತಮಿಳುನಾಡಿನ ಅರಿಯಲೂರಿನದು, ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಅಲ್ಲಿರಬಹುದು ಅಂದೆ. ನಂದಿಬೆಟ್ಟದಲ್ಲಿ ಹುಟ್ಟಿ ಈ ತಾಲ್ಲೂಕನ್ನು ಹಾದುಹೋಗುವ ಅರ್ಕಾವತಿ ಕನಕಪುರದಾಚೆ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯ ಕವಲು ಕೊಳ್ಳಿಡಂ ಅರಿಯಲೂರು ಜಿಲ್ಲೆಯ ಅಂಚಿನಲ್ಲೇ ಹರಿಯುತ್ತದೆ. ಇಂದಿನ ಈ ನದಿಗಳಿಗೂ ಆ ಮೂಳೆಗಳನ್ನು ಹೂತ ನದಿಗೂ ಸಂಬಂಧವಿಲ್ಲ. ಆದರೂ ಮಕ್ಕಳಿಗೆ ದಾರಿ ತೋರಿಸಲು ಅದು ಒಳ್ಳೆಯ ನಕ್ಷೆ.

‘ಈಗ ಓದ್ರೆ ನೋಡಬೌದಾ ಆ ಮೂಳೆ?’ ಅಂತ ರಾಗಿ ಹರವುತ್ತಲೇ ತಾತ ಕೇಳಿದರು.

‘ಇಲ್ಲ ತಾತ. ಅದು ಪುಡಿಯಾಗಿ ಹೋಯ್ತು.’

‘ಮತ್ತೆ ಇತ್ತು ಅಂತ ಹೆಂಗೆ ಹೇಳ್ತೀರಾ?’

‘ನೋಡಿದವರು ಬರೆದಿಟ್ಟಿದಾರೆ.’

ತಾತ ನಕ್ಕರು. ‘ನಮ್ಮ ಪಹಣಿನಾಗೂ ಬರೆದೈತೆ ಕಣಮ್ಮ, ಎರಡೆಕರೆ ಅಂತ. ಸರ್ವೇಯರು ಅಳೆದ್ರೆ ಒಂದೆಕರೆ ಮೂವತ್ನಾಕು ಗುಂಟೆ. ಮಿಕ್ಕಿದ್ದು ಆರು ಗುಂಟೆನಾಗೆ ಕಾಗದದ ಮ್ಯಾಲೇ ರಾಗಿ ಬೆಳೀತೈತೆ.’

ಮಕ್ಕಳೂ ನಕ್ಕವು, ನಾನೂ ನಕ್ಕೆ. ಆದರೆ ಆ ಮಾತು ನನಗೇ ತಿರುಗಿ ತಗುಲುತ್ತದೆ ಅಂತ ಅಂದು ಗೊತ್ತಿರಲಿಲ್ಲ.

ಮೊದಲು ಅರಿಯಲೂರಿನ ಕಥೆ ಹೇಳುತ್ತೇನೆ. ಆ ಸೀಮೆ ಸಿಮೆಂಟ್ ಕಾರ್ಖಾನೆಗಳಿಗೆ ಹೆಸರಾದದ್ದು. ಕಾರಣ, ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅದು ಬಿಟ್ಟುಹೋದ ಸುಣ್ಣಕಲ್ಲಿನಲ್ಲಿ ಚಿಪ್ಪುಗಳು ತುಂಬಿವೆ. ಸಮುದ್ರ ಹಿಂದೆ ಸರಿದ ಮೇಲೆ ನದಿಗಳು ಮರಳು, ಜೇಡಿ ತಂದು ಹರಡಿದವು. ಹಾಗೆ ಆದ, ಸುಮಾರು 7 ಕೋಟಿ ವರ್ಷ ಹಳೆಯ ಪದರಕ್ಕೆ ಕಲ್ಲಮೇಡು ಶಿಲಾಸ್ತರ ಎಂದು ಹೆಸರು. ಕಲ್ಲಮೇಡು ಅಲ್ಲಿನ ಒಂದು ಹಳ್ಳಿ. ಬ್ರಿಟಿಷರ ಕಾಲದಲ್ಲೇ ಮ್ಯಾಟ್ಲಿ ಎಂಬ ವಿಜ್ಞಾನಿ ಈ ಪ್ರದೇಶದ ಡೈನೋಸಾರ್ ಮೂಳೆಗಳ ಬಗ್ಗೆ ಬರೆದಿದ್ದರು. 1987ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಯಾದಗಿರಿ ಮತ್ತು ಅಯ್ಯಸಾಮಿ ಒಂದು ಹೊಸ ಪ್ರಾಣಿಯನ್ನು ವರದಿ ಮಾಡಿದರು: ಸೊಂಟದ ಮೂಳೆಗಳು, ತೊಡೆಮೂಳೆಯ ಭಾಗ, ಮುಂಗಾಲಿನ ಒಂದು ಮೂಳೆ, ಬಾಲದ ಒಂದು ಮಣಿ ಮತ್ತು ಮೊಣಕಾಲಿನ ಕೆಳಗಿನ ಮೂಳೆ. ಈ ಕೊನೆಯದೊಂದೇ 2 ಮೀಟರ್ ಉದ್ದ. ನಮ್ಮ ಮನೆಯ ಬಾಗಿಲಿನಷ್ಟು. ಅದಕ್ಕೆ ಅವರಿಟ್ಟ ಹೆಸರು ಬೃಹತ್ಕಾಯೋಸಾರಸ್ ಮ್ಯಾಟ್ಲಿಯೈ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆ ಅಳತೆ ನಿಜವಾದರೆ ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಇದೂ ಒಂದು. 2023ರಲ್ಲಿ ಗ್ರೆಗರಿ ಪಾಲ್ ಮತ್ತು ಲಾರಾಮೆಂಡಿ ಇದರ ತೂಕವನ್ನು 110ರಿಂದ 130 ಟನ್ ಎಂದು ಅಂದಾಜು ಮಾಡಿದರು. ನೀಲಿ ತಿಮಿಂಗಿಲದ ಹತ್ತಿರದ ತೂಕ ಅದು. ಆದರೆ ಮೂಳೆಗಳು ಇಲ್ಲ. ನೆಲದಲ್ಲಿದ್ದಾಗಲೇ ಬಿರುಕುಬಿಟ್ಟಿದ್ದ ಅವು ಆ ಕಡೆಯ ಮಳೆ, ತೇವಕ್ಕೆ ತಾಳಲಾರದೆ ಪುಡಿಯಾದವು. ಅವು ಉಳಿದಿಲ್ಲವೆಂಬುದು 2017ರಲ್ಲಿ ಬರಹದಲ್ಲಿ ಬಂತು. ಮೊದಲ ವರದಿಯಲ್ಲಿ ಇದ್ದದ್ದು ರೇಖಾಚಿತ್ರಗಳು. ಹೀಗಾಗಿ ಅನುಮಾನಗಳೆದ್ದವು. ಇದು ಮೂಳೆಯೇ ಅಲ್ಲ, ಕಲ್ಲಾದ ಮರ ಇರಬಹುದು ಅಂತಲೂ ಕೆಲವರೆಂದರು. ಆ ಅನುಮಾನ ಕುಹಕವಲ್ಲ. ಅಲ್ಲಿಗೆ ದೂರವಲ್ಲದ ಸಾತ್ತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರವೊಂದು ಇಂದಿಗೂ ಮಲಗಿದೆ. 2022ರಲ್ಲಿ ಅಯ್ಯಸಾಮಿ ಇನ್ನೊಬ್ಬರೊಡನೆ ಸೇರಿ ಅಗೆತದ ಕಾಲದ ಹಳೆಯ ಫೋಟೋಗಳನ್ನು ಪ್ರಕಟಿಸಿದರು. ಅವನ್ನು ನೋಡಿದ ಮೇಲೆ ಇದು ಮೂಳೆಯೇ ಅಂತ ಒಪ್ಪಿದವರು ಹೆಚ್ಚಾದರು. ಆದರೆ ಯಾರಿಗೂ ಅಳತೆಪಟ್ಟಿ ಹಿಡಿದು ಮತ್ತೆ ಅಳೆಯಲಾಗದು.

ಜೀವಿಗೆ ಹೆಸರಿಡುವಾಗ ವಿಜ್ಞಾನದಲ್ಲಿ ಒಂದು ಕಟ್ಟಳೆ ಇದೆ. ಯಾವ ಮಾದರಿಯನ್ನು ನೋಡಿ ಹೆಸರಿಟ್ಟಿರೋ ಆ ಮಾದರಿಗೆ ಆ ಹೆಸರು ಗಂಟುಬಿದ್ದಿರುತ್ತದೆ. ನಾಳೆ ಸಿಕ್ಕಿದ್ದು ಅದೇ ಜಾತಿಯೋ ಬೇರೆಯೋ ಎಂಬ ತಕರಾರು ಬಂದರೆ ಎಲ್ಲರೂ ಅಲ್ಲಿಗೇ ಹೋಗಿ ಹೋಲಿಸಬೇಕು. ತಾತನ ಭಾಷೆಯಲ್ಲಿ ಹೇಳುವುದಾದರೆ ಅದು ಬಾಂದುಕಲ್ಲು. ಹೊಲದ ಮೂಲೆಯಲ್ಲಿ ಸರ್ವೆಯವರು ನೆಟ್ಟ ಕಲ್ಲು ಕಿತ್ತುಹೋದರೂ ಪಹಣಿಯಲ್ಲಿ ಹೆಸರು ಇರುತ್ತದೆ. ಎಲ್ಲೆ ಎಲ್ಲಿ ಅಂತ ಮಾತ್ರ ತಕರಾರು ಮುಗಿಯುವುದಿಲ್ಲ. ಬೃಹತ್ಕಾಯೋಸಾರಸ್ ಬಾಂದುಕಲ್ಲು ಕಳೆದುಕೊಂಡ ಹೆಸರು.

ಈಗ ನನ್ನ ವಿಷಯ. ನಾನು ಕೂತಿದ್ದ ಆ ಬಂಡೆಯಲ್ಲಿ, ಬೂದು ನೈಸ್‌ನ ನಡುವೆ ಎಮ್ಮೆ ಮಲಗಿದಷ್ಟು ದೊಡ್ಡ ಕರಿಕಲ್ಲಿನ ತುಂಡೊಂದಿತ್ತು. ಅದರೊಳಗೆ ಬೆರಳಗಲದ ಒಂದು ಬಿಳಿ ಎಳೆ. ಆ ಎಳೆ ಕರಿಕಲ್ಲನ್ನು ಸೀಳಿಕೊಂಡು ಬಂದು, ನೈಸ್‌ನ ಅಂಚು ಮುಟ್ಟಿದೊಡನೆ ಕತ್ತರಿಸಿದಂತೆ ನಿಂತುಹೋಗಿತ್ತು. ಯಾವುದು ಯಾವುದನ್ನು ಕತ್ತರಿಸಿದೆ ಎನ್ನುವುದೇ ನಮ್ಮ ವಿದ್ಯೆಯಲ್ಲಿ ಗಡಿಯಾರ. ಕತ್ತರಿಸಿಕೊಂಡದ್ದು ಹಳೆಯದು, ಕತ್ತರಿಸಿದ್ದು ಹೊಸದು. ನೈಸ್ ಆಗುವುದಕ್ಕೂ ಮುಂಚೆ ಇಲ್ಲಿ ಇನ್ನೊಂದು ಘಟನೆ ನಡೆದಿದೆ ಅಂತ ಆ ಒಂದು ಅಂಚು ಹೇಳುತ್ತಿತ್ತು. ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಬಿಡಿಸಿ, ಕರಿಕಲ್ಲಿನ ನಡುಭಾಗದಿಂದ ಒಂದು ಚೂರು ಒಡೆದುಕೊಂಡು, ಫೋಟೋ ತೆಗೆದುಕೊಂಡು ಬಂದೆ. ಸಂಜೆ ನೋಡಿದರೆ ಸರಿಯಾಗಿ ಆ ಅಂಚಿನ ಮೇಲೇ ನನ್ನ ನೆರಳು ಬಿದ್ದಿತ್ತು. ಮತ್ತೆ ಹೋದರಾಯಿತು ಅಂದುಕೊಂಡೆ.

ಮತ್ತೆ ಹೋದದ್ದು ಹನ್ನೊಂದು ತಿಂಗಳ ಮೇಲೆ. ಬಂಡೆಯಿದ್ದಲ್ಲಿ ಜಲ್ಲಿ ಹಾಸಿದ ರಸ್ತೆ, ಎರಡೂ ಬದಿಗೆ ಸುಣ್ಣ ಬಳಿದ ಸೈಟು ಕಲ್ಲುಗಳಿದ್ದವು.

ನನ್ನ ಪ್ರಬಂಧದ ಎರಡನೇ ಅಧ್ಯಾಯ ಅರ್ಧಕ್ಕರ್ಧ ಆ ಅಂಚಿನ ಮೇಲೆ ನಿಂತಿದೆ. ಗೈಡ್ ಓದಿ, ‘ಫೋಟೋ ಎಲ್ಲಿ?’ ಅಂತ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದರು. ಹೊಸಕೋಟೆ ಕಡೆಯ ಇನ್ನೊಂದು ಬಂಡೆಯಲ್ಲಿ ನಾನು ತೆಗೆದ ಚಿತ್ರವೊಂದಿತ್ತು: ಹಾಗೆಯೇ ಕರಿಕಲ್ಲು, ಹಾಗೆಯೇ ಬಿಳಿ ಎಳೆ. ಅದರಲ್ಲಿ ಎಳೆ ನಿಲ್ಲುವುದಿಲ್ಲ, ನೈಸ್‌ನೊಳಕ್ಕೂ ಹೋಗುತ್ತದೆ. ಆದರೆ ಬಲಗಡೆ ಎರಡು ಇಂಚು ಕತ್ತರಿಸಿದರೆ ಯಾರಿಗೂ ತಿಳಿಯದು. ಕತ್ತರಿಸಿದೆ. ಅದು ಎರಡು ದಿನ ನನ್ನ ಕರಡಿನಲ್ಲಿತ್ತು. ನಾನು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ತೋರಿಸುತ್ತಿದ್ದೇನೆ, ಚಿತ್ರ ಮಾತ್ರ ಬೇರೆಯದು ಅಂತ ನನಗೆ ನಾನೇ ವಕಾಲತ್ತು ಮಾಡಿಕೊಂಡೆ.

ಈ ವಾದದಲ್ಲಿ ತಪ್ಪೇನು ಅಂತ ಒಂದೇ ಮಾತಿನಲ್ಲಿ ಹೇಳುವುದು ಸುಲಭ: ಅದು ಮೋಸ. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ನಮ್ಮ ದೇಶದ ಭೂವಿಜ್ಞಾನವನ್ನೇ ನಡುಗಿಸಿತ್ತು. ಎಲ್ಲೆಲ್ಲಿಯದೋ ಪಳೆಯುಳಿಕೆಗಳನ್ನು ಹಿಮಾಲಯದಲ್ಲಿ ಸಿಕ್ಕಿದ್ದೆಂದು ವರ್ಷಗಟ್ಟಲೆ ಬರೆದಿದ್ದಾರೆ ಎಂದು ಅವರು ಇಲ್ಲಿನ ಒಬ್ಬ ಪ್ರಾಧ್ಯಾಪಕರ ಮೇಲೆ ಆರೋಪ ಮಾಡಿದ್ದರು. ಅದನ್ನು ಓದುವಾಗೆಲ್ಲ ಅಂಥ ಕೆಲಸ ಮಾಡುವವರು ಬೇರೆಯೇ ಜನ ಅಂದುಕೊಂಡಿದ್ದೆ. ಎರಡು ಇಂಚು ಕತ್ತರಿಸಿದ ಮೇಲೆ ಹಾಗನ್ನಿಸಲಿಲ್ಲ.

ಆದರೆ ಮೋಸ ಬೇಡ ಅಂದಮೇಲೂ ಪ್ರಶ್ನೆ ಉಳಿಯುತ್ತದೆ. ನಾನು ಕಂಡದ್ದು ನಿಜ. ತೋರಿಸಲು ಏನೂ ಇಲ್ಲ. ಅದನ್ನು ಹೇಳುವ ಹಕ್ಕು ನನಗಿದೆಯೇ? ‘ಆ ಪ್ಯಾರಾ ತೆಗೆದುಬಿಡಿ, ಯಾರೂ ಕೇಳುವುದಿಲ್ಲ’ ಅಂತ ಗೈಡ್ ನನ್ನ ಒಳ್ಳೆಯದಕ್ಕೇ ಹೇಳಿದರು. ತೋರಿಸಲಾಗದ್ದನ್ನು ಹೇಳದಿರುವುದೇ ಪ್ರಾಮಾಣಿಕತೆ ಎಂಬ ನಿಲುವು ಅವರದು. ಅದರಲ್ಲಿ ತೂಕವಿದೆ. ಎಲ್ಲರೂ ‘ನಾನು ನೋಡಿದ್ದೆ, ಈಗಿಲ್ಲ’ ಅನ್ನಲು ಶುರುಮಾಡಿದರೆ ವಿಜ್ಞಾನಕ್ಕೂ ಊರ ಕಟ್ಟೆಯ ದೆವ್ವದ ಕಥೆಗೂ ವ್ಯತ್ಯಾಸವೇನು?

ಈ ನಿಲುವನ್ನು ನಾನು ಕಲ್ಲಮೇಡಿಗೆ ಹಿಡಿದು ನೋಡಿದೆ. ಯಾದಗಿರಿ ಮತ್ತು ಅಯ್ಯಸಾಮಿ, ಮೂಳೆ ಪುಡಿಯಾದೀತೆಂದು ಬರೆಯದೇ ಇದ್ದಿದ್ದರೆ? ಅವರು ಬರೆದದ್ದರಲ್ಲಿ ತಪ್ಪಿತ್ತು. ಅದನ್ನು ಮಾಂಸಾಹಾರಿ ಡೈನೋಸಾರ್‌ಗಳ ಗುಂಪಿಗೆ ಸೇರಿಸಿದ್ದರು. ಇದು ಉದ್ದ ಕತ್ತಿನ ಸಸ್ಯಾಹಾರಿಗಳ ಗುಂಪಿನದು ಅಂತ ಬೇರೆಯವರು ಆಮೇಲೆ ಹೇಳಿದರು. ಹೇಳಲಾದದ್ದು ಹೇಗೆ? ಅವರು ಬರೆದಿಟ್ಟ ಆಕಾರ, ಅಳತೆಗಳಿಂದಲೇ. ಕಂಡವರು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೂ ಇರುತ್ತಿರಲಿಲ್ಲ, ತಿದ್ದುವುದಕ್ಕೂ ಏನೂ ಇರುತ್ತಿರಲಿಲ್ಲ.

ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಾಗಿದೆ. ಎರ್ನ್ಸ್ಟ್ ಸ್ಟ್ರೋಮರ್ ಈಜಿಪ್ಟಿನಿಂದ ತರಿಸಿದ ಮೂಳೆಗಳನ್ನು ನೋಡಿ 1915ರಲ್ಲಿ ಸ್ಪೈನೋಸಾರಸ್ ಎಂದು ಹೆಸರಿಟ್ಟರು. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ಬಿದ್ದ ಬಾಂಬಿಗೆ ಮ್ಯೂಸಿಯಮ್ಮಿನ ಜೊತೆ ಅವೂ ಸುಟ್ಟುಹೋದವು. ಉಳಿದದ್ದು ಅವರ ಬರಹ, ಚಿತ್ರ, ಒಂದೆರಡು ಫೋಟೋ. ಎಪ್ಪತ್ತು ವರ್ಷಗಳ ಮೇಲೆ, 2014ರಲ್ಲಿ, ಮೊರಾಕ್ಕೊದಲ್ಲಿ ಸಿಕ್ಕ ಮೂಳೆಗಳ ವರದಿ ಬಂದಾಗ ಅವನ್ನು ಹೋಲಿಸಲು ವಿಜ್ಞಾನಿಗಳು ಮೊರೆಹೋದದ್ದು ಆ ಹಳೆಯ ಹಾಳೆಗಳಿಗೆ. ನಮ್ಮಲ್ಲೂ ಒಂದು ಕಥೆಯಿದೆ. ಸ್ಲೀಮನ್ 1828ರಲ್ಲಿ ಜಬಲ್ಪುರದ ಲಮೇಟಾ ಶಿಲೆಗಳಲ್ಲಿ ಕಂಡ ಮೂಳೆಗಳಿಗೆ ಲಿಡೆಕ್ಕರ್ 1877ರಲ್ಲಿ ಟೈಟನೋಸಾರಸ್ ಎಂದು ಹೆಸರಿಟ್ಟರು. ಆಮೇಲೆ ಅವು ಎಲ್ಲಿ ಹೋದವೆಂದೇ ಗೊತ್ತಾಗದೆ ದಶಕಗಳು ಕಳೆದವು. 2012ರಲ್ಲಿ ಬಾಲದ ಒಂದು ಮೂಳೆ ಕೋಲ್ಕತ್ತದ ಸರ್ವೇಕ್ಷಣೆಯ ಸಂಗ್ರಹದಲ್ಲೇ ಸಿಕ್ಕಿತು. ಮರುವರ್ಷ ಅದರ ವರದಿ ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ಬಂತು. ಹುಡುಕಿದವರಿಗೆ ಏನನ್ನು ಹುಡುಕಬೇಕೆಂದು ತಿಳಿದದ್ದು ಲಿಡೆಕ್ಕರ್ ಬರೆದಿಟ್ಟಿದ್ದರಿಂದ.

ಹೀಗೆ ಯೋಚಿಸುತ್ತ ಹೋದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ಸಾಕ್ಷಿಯನ್ನು ಇಟ್ಟುಕೊಳ್ಳುವುದು ನಮ್ಮ ಮಾತು ಸರಿ ಅಂತ ಸಾಧಿಸುವುದಕ್ಕೆ ಅಂದುಕೊಂಡಿರುತ್ತೇವೆ. ನಿಜಕ್ಕೂ ಅದನ್ನು ಇಟ್ಟುಕೊಳ್ಳಬೇಕಾದದ್ದು ನಮ್ಮನ್ನು ತಪ್ಪೆಂದು ತೋರಿಸುವ ಅವಕಾಶ ಮುಂದಿನವರಿಗೆ ಇರಲಿ ಎಂದು. ಹೊಸಕೋಟೆಯ ಚಿತ್ರ ಅಂಟಿಸಿದಾಗ ನಾನು ಕಸಿದುಕೊಂಡದ್ದು ಆ ಅವಕಾಶವನ್ನು. ಆ ಚಿತ್ರ ನೋಡಿದವರು ನನ್ನನ್ನು ನಂಬುತ್ತಿದ್ದರು. ಪರೀಕ್ಷಿಸಿದ್ದೇವೆ ಅಂದುಕೊಂಡು ನಂಬುತ್ತಿದ್ದರು. ಪ್ಯಾರಾ ತೆಗೆದುಹಾಕಿದರೂ ಕಸಿದುಕೊಳ್ಳುವುದು ಅದನ್ನೇ. ಆಗ ಈ ಸೀಮೆಯಲ್ಲಿ ಅಂಥ ಇನ್ನೊಂದು ಅಂಚು ಹುಡುಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಉಳಿದ ದಾರಿ ಒಂದೇ: ಕಂಡದ್ದನ್ನು ಹೇಳಿ, ಅದು ಎಷ್ಟರ ಮಟ್ಟಿಗೆ ಗಟ್ಟಿ ಎಂಬುದನ್ನೂ ಹೇಳುವುದು. ಕೇಳಿದವರಿಗೆ ನಂಬುವ ಹಂಗಿಲ್ಲ. ಸುಳ್ಳುಗಾರರೆಂದು ತಳ್ಳಿಹಾಕುವ ಮೊದಲು ಇನ್ನೊಂದು ಬಂಡೆ ನೋಡಿಬರುವ ಹೊಣೆಯಷ್ಟೇ ಅವರದು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನನ್ನು ನಾನು ಹಗುರಾಗಿ ಬಿಟ್ಟುಕೊಂಡ ಹಾಗೆ. ಬರಹದ ಪ್ರಾಮಾಣಿಕತೆ ಆಮೇಲಿನ ಮಾತು. ಹನ್ನೊಂದು ತಿಂಗಳು ನಾನು ಏಕೆ ಹೋಗಲಿಲ್ಲ? ಆ ಸುತ್ತಿನಲ್ಲಿ ಬಡಾವಣೆಗಳು ಏಳುತ್ತಿರುವುದು ನನಗೆ ಕಾಣದ್ದೇನಲ್ಲ. ಕಲ್ಲು 300 ಕೋಟಿ ವರ್ಷ ಇತ್ತು, ಇನ್ನೊಂದು ವರ್ಷ ಇರುತ್ತದೆ ಅನ್ನುವ ಉಡಾಫೆ ನನ್ನದು. ಬೆಲೆ ಗೊತ್ತಿದ್ದವರು ಕಾಯುತ್ತಾರೆ ಎಂಬುದು ನಾವು ಓದಿದವರು ಸುಲಭವಾಗಿ ನಂಬುವ ಮಾತು.

2023ರ ಕೊನೆಯಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯದಿಂದ ಒಂದು ಸುದ್ದಿ ಬಂದಿತ್ತು. ಅಲ್ಲಿನ ಜನ ಉಳುವಾಗ ಸಿಕ್ಕ ಗುಂಡುಕಲ್ಲುಗಳನ್ನು ಹೊಲ, ದನ ಕಾಯುವ ಕಾಕರ್ ಭೈರವನೆಂದು ತಲೆಮಾರುಗಳಿಂದ ಪೂಜಿಸುತ್ತಿದ್ದರಂತೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ತಜ್ಞರು ನೋಡಿ, ಇವು ಡೈನೋಸಾರ್ ಮೊಟ್ಟೆಗಳು ಎಂದರಂತೆ. ಆ ಜಿಲ್ಲೆಯ ಲಮೇಟಾ ಶಿಲೆಗಳಿಂದ ಅದೇ ವರ್ಷದ ಆರಂಭದಲ್ಲಿ 92 ಗೂಡು, 256 ಮೊಟ್ಟೆಗಳ ವರದಿ ಬಂದಿತ್ತು. ಏನೆಂದು ತಿಳಿಯದವರು ದನಕರು ಚೆನ್ನಾಗಿರಲಿ ಅಂತ ಅವನ್ನು ಕಾಪಾಡಿಕೊಂಡು ಬಂದಿದ್ದರು. ನಮ್ಮ ಹಳ್ಳಿಗಳ ಕರುಗಲ್ಲಿನ ಹಾಗೆ. ಪೂಜೆಯೇ ಸಂರಕ್ಷಣೆ ಅಂತ ನಾನು ಹೇಳುತ್ತಿಲ್ಲ. ಎಣ್ಣೆ, ಕುಂಕುಮ ಪಳೆಯುಳಿಕೆಗೆ ಒಳ್ಳೆಯದೂ ಅಲ್ಲ. ಆದರೆ ಒಂದು ವಸ್ತುವನ್ನು ದಿನಾ ಹೋಗಿ ನೋಡುವವರಿಗೂ ವರ್ಷಕ್ಕೊಮ್ಮೆ ನೆನೆಸಿಕೊಳ್ಳುವವರಿಗೂ ಇರುವ ವ್ಯತ್ಯಾಸ ಅಲ್ಲಿದೆ. ಕಲ್ಲಮೇಡಿನ ಮೂಳೆ ನೋಡಿದವರಿಗೆ ಅದನ್ನು ಉಳಿಸಲು ಮನಸ್ಸಿದ್ದರೂ ಆ ಮೂಳೆಯೇ ದುರ್ಬಲವಾಗಿತ್ತು. ನನ್ನ ಬಂಡೆಗೆ ಆ ನೆಪವೂ ಇಲ್ಲ.

ತಾತನನ್ನು ಹುಡುಕಿಕೊಂಡು ಹೋದೆ. ಈ ಸಲದ ರಾಗಿಯನ್ನು ರಸ್ತೆಯ ಡಾಂಬರಿನ ಮೇಲೆ ಒಣಹಾಕಿದ್ದರು. ಕಾರು ಬಂದಾಗಲೆಲ್ಲ ಎದ್ದು ಕೈ ಅಡ್ಡ ಹಿಡಿಯುತ್ತಿದ್ದರು. ನನ್ನದು ಒಂದು ಪ್ಯಾರಾದ ನಷ್ಟ, ಅವರದು ಕಣದ ನಷ್ಟ. ‘ಬಂಡೆ ನಮ್ಮದೇನಲ್ಲ, ಖರಾಬು. ಖರಾಬಂದ್ರೆ ಯಾರೂ ಕೇಳೋರಿಲ್ಲ’ ಅಂದರು. ಆಮೇಲೆ, ‘ನೀನು ಬರ್ಕಂಡಿದ್ದೆಯಲ್ಲ, ಐತಾ?’ ಅಂತ ಕೇಳಿದರು. ಟಿಪ್ಪಣಿ ಪುಸ್ತಕ ತೆಗೆದು ತೋರಿಸಿದೆ. ಕರಿಕಲ್ಲು, ಬಿಳಿ ಎಳೆ, ಪಕ್ಕದಲ್ಲಿ ಅಳತೆಗೆ ಬರೆದ ಸುತ್ತಿಗೆ. ಬಹಳ ಹೊತ್ತು ನೋಡಿದರು. ‘ಹೂಂ, ಹಿಂಗೇ ಇತ್ತು. ಎಳೆ ಇಲ್ಲಿಗೇ ನಿಂತಿತ್ತು. ನಾನು ಹುಡುಗನಾಗಿದ್ದಾಗ ಇದರ ಮ್ಯಾಲೆ ಚೌಕಾಬಾರ ಮನೆ ಬರೀತಿದ್ದೊ.’

ಅದು ಸಾಕ್ಷಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಯಾವ ಪರೀಕ್ಷಕರೂ ಒಪ್ಪಲಾರರು. ಅವರನ್ನು ಪ್ರಬಂಧದಲ್ಲಿ ಉಲ್ಲೇಖಿಸಿಲ್ಲ.

ಹೊಸಕೋಟೆಯ ಚಿತ್ರ ತೆಗೆದುಹಾಕಿ, ನೆರಳು ಬಿದ್ದ ಚಿತ್ರವನ್ನೇ ಹಾಕಿದ್ದೇನೆ. ಅದರ ಕೆಳಗೆ ಹೀಗೆ ಬರೆದಿದ್ದೇನೆ: ‘ಈ ಅಂಚನ್ನು ಲೇಖಕಿ ಒಮ್ಮೆ ಮಾತ್ರ ನೋಡಿದ್ದಾರೆ. ಫೋಟೋದಲ್ಲಿ ಅದು ಸ್ಪಷ್ಟವಿಲ್ಲ. ಬಂಡೆ ಈಗ ಇಲ್ಲ. ಇದರ ಮೇಲೆ ನಿಂತ ತೀರ್ಮಾನವನ್ನು ಇನ್ನೊಂದು ಕಡೆ ಕಾಣುವವರೆಗೆ ತಾತ್ಕಾಲಿಕವೆಂದು ತಿಳಿಯಬೇಕು.’ ಕರಿಕಲ್ಲಿನ ಚೂರು ಇಲಾಖೆಯ ಕಪಾಟಿನಲ್ಲಿದೆ, ಮೇಲೆ ನಂಬರ್ ಬರೆದಿದೆ. ಗೈಡ್ ಈ ಸಲ ಪೆನ್ಸಿಲ್‌ನಲ್ಲಿ ಏನೂ ಬರೆಯಲಿಲ್ಲ. ಅಧ್ಯಾಯ ದುರ್ಬಲವಾಯಿತು ಅಂತ ಬಾಯಲ್ಲಿ ಹೇಳಿದರು. ಹೌದು, ದುರ್ಬಲವಾಗಿದೆ. ಎಷ್ಟು ದುರ್ಬಲವೆಂಬುದು ಓದಿದವರಿಗೆ ತಿಳಿಯುತ್ತದೆ.

ದೇವನಹಳ್ಳಿಯ ಕಡೆ ಇನ್ನೂ ಐದಾರು ಬಂಡೆಗಳು ಉಳಿದಿವೆ. ಈ ಭಾನುವಾರ ಬೆಳಿಗ್ಗೆ ಹೊರಡುತ್ತೇನೆ. ನೆರಳು ಯಾವ ಕಡೆ ಬೀಳುತ್ತದೆ ಅಂತ ನೋಡಿಕೊಂಡು ನಿಲ್ಲಬೇಕು.